ಅಮಾಸಿಯ ಹಿಂದಿನ ಶನಿವಾರ

ಗುರುವಾರ ಬೆಳಗಿನ ರೀಡಿಂಗ್ ತೆಗೆಯಲು ಹೋದಾಗ ಒದ್ದೆ ಬಲ್ಬಿನ ಥರ್ಮಾಮೀಟರು ಒಣ ಬಲ್ಬಿನ ತೀರ ಹತ್ತಿರ ಬಂದು ನಿಂತಿತ್ತು. ಕಲಬುರಗಿಯ ಬೇಸಿಗೆ ಶುರುವಿನಲ್ಲಿ ಇವೆರಡೂ ಪಾಲು ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ ದೂರ ದೂರವೇ ಇರಬೇಕು. ಗಾಳಿ ಒಣಗಿದಷ್ಟೂ ಅಂತರ ಹೆಚ್ಚು, ತೇವ ತುಂಬಿದಷ್ಟೂ ಕಡಿಮೆ. ಬಲ್ಬಿಗೆ ಸುತ್ತಿದ ಬತ್ತಿ ಒಣಗಿ ಹೋಗಿದೆಯೇನೋ ಎಂದು ಮುಟ್ಟಿ ನೋಡಿದೆ. ನೀರು ಸರಿಯಾಗಿಯೇ ಇತ್ತು. ತಲೆ ಎತ್ತಿದರೆ ಗಾಳಿಸೂಚಿಯ ಮೂತಿ ಆಗ್ನೇಯಕ್ಕೆ ತಿರುಗಿತ್ತು. ವಾರವಿಡೀ ವಾಯವ್ಯದಿಂದ ಬೀಸುತ್ತಿದ್ದ ಒಣಗಾಳಿ ಎಲ್ಲಿಗೆ ಹೋಯಿತು ಎಂದು ನನಗೆ ಅಲ್ಲೇ ಕಿರಿಕಿರಿ ಶುರುವಾಯಿತು.

ನಾನು ಹವಾಮಾನ ಸಲಹೆ ಬರೆಯುವವಳು. ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಮುಂದಿನ ದಿನಗಳಲ್ಲಿ ಹವೆ ಹೇಗಿರುತ್ತದೆ, ರೈತರು ಏನು ಮಾಡಬೇಕು ಎಂದು ಒಂದು ಪುಟ ಬರೆದು ಕಳಿಸುತ್ತೇನೆ. ಅದು ಮೊಬೈಲ್ ಗುಂಪುಗಳ ಮೂಲಕ ಹಳ್ಳಿ ಹಳ್ಳಿಗೆ ಹೋಗುತ್ತದೆ. ಎಷ್ಟು ಜನ ಓದುತ್ತಾರೆ ಎಂದು ಕೇಳಬೇಡಿ. ತಪ್ಪಾದ ದಿನ ಮಾತ್ರ ಎಲ್ಲರೂ ಓದಿರುತ್ತಾರೆ.

ಆ ವಾರ ತಪ್ಪು ಮಾಡುವಂತಿರಲಿಲ್ಲ. ತಡವಾಗಿ ಬಿತ್ತಿದ ಬಿಳಿ ಜೋಳವನ್ನು ಆಳಂದದ ಕಡೆ ಆಗಷ್ಟೇ ಕಿತ್ತು ಹೊಲದಲ್ಲೇ ಮಲಗಿಸಿದ್ದರು. ಕಿತ್ತ ಜೋಳ ಕೆಲವು ದಿನ ಬಿಸಿಲಿಗೆ ಒಣಗಬೇಕು, ಆಮೇಲೆ ತೆನೆ ಮುರಿದು ಮಷೀನಿಗೆ ಹಾಕಬೇಕು. ನಡುವೆ ಒಂದು ಮಳೆ ಬಿದ್ದರೆ ಕಾಳು ಕಪ್ಪಾಗುತ್ತದೆ. ಕಪ್ಪು ಜೋಳವನ್ನು ಮಾರುಕಟ್ಟೆಯ ಅಡತಿಯವನು ಮೂಸಿಯೂ ನೋಡುವುದಿಲ್ಲ, ಅದರ ರೊಟ್ಟಿ ಕಹಿ.

ಅದಕ್ಕೆ ಸರಿಯಾಗಿ ಹಬ್ಬ ಬಂದಿತ್ತು. ಭಾನುವಾರ ಅಮಾವಾಸ್ಯೆ, ಸೋಮವಾರ ಯುಗಾದಿ. ನಮ್ಮ ಕಡೆ ಅಮಾಸಿಯ ದಿನ ಹೊಲಕ್ಕೆ ಕೈ ಹಚ್ಚುವುದಿಲ್ಲ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಯುಗಾದಿಯ ದಿನ ಕೆಲಸಕ್ಕೆ ಕರೆದರೆ ಆಳು ಮುಖ ನೋಡಿ ನಗುತ್ತಾನೆ. ಶುಕ್ರವಾರ ಸಂಜೆ ನನ್ನ ಪುಟ ಹೋದರೆ ಉಳಿಯುವುದು ಶನಿವಾರವೊಂದೇ.

ನಮ್ಮ ಹಿರಿಯ ಅಧಿಕಾರಿಯ ಮುಂದೆ ರೀಡಿಂಗ್ ಇಟ್ಟೆ. ಅವರು ಚಹದ ಕಪ್ಪು ಕೆಳಗಿಡಲಿಲ್ಲ.

"ಮ್ಯಾಲಿಂದ ಬಂದ ಮುನ್ಸೂಚನೆ ನೋಡೀರಿಲ್ರಿ? ಇಡೀ ಜಿಲ್ಲಾಕ್ಕ ಒಣ ಹವಾ ಅಂತದ."

"ಒಂದು ಕಂಪ್ಯೂಟರ್ ಮಾಡೆಲ್ ಹಂಗ ಹೇಳ್ತದ್ರಿ ಸರ್. ಇನ್ನೊಂದು ಆಳಂದದ ಮ್ಯಾಲ ಸಿಡಿಲು ಮಳಿ ತೋರಸ್ತದ. ಆಳಂದದ ಸ್ಟೇಷನ್ನಿನಾಗೂ ತೇವ ಏರ್ಯಾದ."

"ಆ ಸ್ಟೇಷನ್ ಕೆಟ್ಟದ್ರಿ. ಆಳಂದದಾಗ ಈ ತಿಂಗಳದಾಗ ಅಷ್ಟು ತೇವ ಎಲ್ಲಿಂದ ಬರಬೇಕು? ಮತ್ತ ಬಂದ್ರ ಬರ್ಲಿ ಬಿಡ್ರಿ. ಮಳಿ ಬಂದು ಕೆಡಂಗಿಲ್ಲ, ಮಗ ಉಂಡು ಕೆಡಂಗಿಲ್ಲ."

"ಆ ಗಾದಿ ಕಟ್ಟಿದಾವನ ಜ್ವಾಳ ಮನಿಯಾಗ ಇತ್ತು ಕಾಣ್ತದ್ರಿ" ಎಂದೆ. ನನ್ನ ನಾಲಿಗೆಗೆ ಮೊದಲಿನಿಂದಲೂ ಲಗಾಮು ಕಡಿಮೆ. ಅವರು ನಕ್ಕರು, ಜೀಪು ಕೊಟ್ಟರು, ಹೋಗಿ ನೋಡಿ ಬರ್ರಿ ಎಂದರು.

ಆಳಂದ ತಾಲ್ಲೂಕಿನ ನಮ್ಮ ಸ್ವಯಂಚಾಲಿತ ಹವಾಮಾನ ಕೇಂದ್ರ ಒಂದು ಶಾಲೆಯ ಅಂಗಳದಲ್ಲಿದೆ. ತಂತಿಬೇಲಿಯೊಳಗೆ ಒಂದು ಕಂಬ, ಕಂಬಕ್ಕೆ ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಕವುಚಿಟ್ಟಂಥ ಗೂಡು, ಅದರೊಳಗೆ ತೇವ ಅಳೆಯುವ ಸಾಧನ. ಜೀಪಿನಿಂದ ಇಳಿದವಳು ಅಲ್ಲೇ ನಿಂತುಬಿಟ್ಟೆ. ಓಣಿಯ ಹೆಂಗಸರು ಶಾಲೆಯ ಕಟ್ಟೆಯ ಮೇಲೆ ಸಂಡಿಗೆ ಹಾಕುತ್ತಿದ್ದರು. ಅದಕ್ಕೆ ಹಾಸಲು ತೊಳೆದ, ಇನ್ನೂ ನೀರು ಸೋರುವ ಹಳೆಯ ಸೀರೆಗಳನ್ನು ಬೆಳಗಿನಿಂದಲೇ ಒಂದೊಂದಾಗಿ ನಮ್ಮ ಬೇಲಿಯ ಮೇಲೆ ಹರವುತ್ತಿದ್ದರು. ಒಂದಂತೂ ಕಂಬದ ಮೈಗೇ ಸುತ್ತಿತ್ತು.

ನನಗೆ ಅಳು ಬರುವುದೊಂದು ಬಾಕಿ. ಯಾವ ಅಂಕಿಯನ್ನು ಹಿಡಿದು ಅಧಿಕಾರಿಯ ಜೊತೆ ವಾದಿಸಿದ್ದೆನೋ ಅದು ಸೀರೆಯ ತೇವವಾಗಿತ್ತು.

"ಇದು ಸರ್ಕಾರಿ ಮಷೀನದ, ಇದರ ಮ್ಯಾಲ ಅರಬಿ ಒಣಗ್ಸೋದೇನ್ರವ್ವಾ?" ಎಂದು ದನಿ ಏರಿಸಿದೆ.

ಸಂಡಿಗೆ ಹಿಟ್ಟಿನ ಕೈಯಲ್ಲೇ ಒಬ್ಬ ಅಜ್ಜಿ ಎದ್ದು ಬಂದಳು. "ಸರ್ಕಾರದ್ದು ಅಂತನ ಹಾಕೇವಿ ತಂಗಿ. ಮಂದೀದು ಇದ್ರ ಕೇಳಿ ಹಾಕ್ತಿದ್ವಿ."

ಸೀರೆಗಳನ್ನು ನಾನೇ ತೆಗೆದು ಶಾಲೆಯ ಕಿಟಕಿಗಳ ಮೇಲೆ ಹಾಕಿದೆ. ಆಮೇಲೆ ಚೀಲದಿಂದ ಕೈಯಲ್ಲಿ ತಿರುಗಿಸುವ ತೇವಮಾಪಕ ತೆಗೆದೆ. ಎರಡು ಥರ್ಮಾಮೀಟರುಗಳನ್ನು ಒಂದು ಹಿಡಿಗೆ ಕಟ್ಟಿದ ಸಾಧನ ಅದು, ಗಿಲಕಿಯ ಹಾಗೆ ಗಿರಗಿರನೆ ತಿರುಗಿಸಿ ತಕ್ಷಣ ಓದಬೇಕು. ಸೀರೆಗಳಿಂದ ದೂರ, ಬಯಲಿನ ನಡುವೆ ನಿಂತು ತಿರುಗಿಸಿದೆ. ಅಂಗಳದ ಆಚೆಯ ಹೊಲಕ್ಕೆ ಹೋಗಿ ಮತ್ತೆ ತಿರುಗಿಸಿದೆ. ಹೆಂಗಸರು ಸಂಡಿಗೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಸ್ಟೇಷನ್ ತೋರಿಸಿದಷ್ಟು ತೇವ ಇರಲಿಲ್ಲ, ಆದರೆ ಈ ಕಾಲದಲ್ಲಿ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಆಗ್ನೇಯದ ಗಾಳಿ ಬಂಗಾಳ ಕೊಲ್ಲಿಯ ತೇವವನ್ನು ಹೊತ್ತು ತಂದು ಇಲ್ಲಿ ಸುರಿಯುತ್ತಿತ್ತು. ಸೀರೆ ಸುಳ್ಳು ಹೇಳಿತ್ತು, ಗಾಳಿ ಹೇಳಿರಲಿಲ್ಲ. ಜೀಪು ಹತ್ತುವಾಗ ನನ್ನ ಮೈಯಲ್ಲಿ ಜೀವ ಬಂದಿತ್ತು.

ನಿಂಬರ್ಗಾ ದಾರಿಯಲ್ಲೇ ಇತ್ತು. ಅಲ್ಲಿಯ ಒಬ್ಬ ಹೆಣ್ಣುಮಗಳ ಪರಿಚಯ ನನಗಿತ್ತು. ಜೋಳ ಕೀಳುವ ಹೆಂಗಸರ ಗುಂಪಿಗೆ ಹಿರಿಯಳು ಆಕೆ, ನಾನು ಹಿರಿಯಕ್ಕ ಎನ್ನುತ್ತಿದ್ದೆ. ಹೋದ ವರ್ಷ ಒಂದು ತರಬೇತಿಯಲ್ಲಿ ನನ್ನ ನಂಬರ್ ತೆಗೆದುಕೊಂಡು, ಅಂದಿನಿಂದ ಕೂಲಿಗೆ ಹೋಗುವ ಮುಂಚೆ 'ಮ್ಯಾಡಂ, ಬಿಸಲ ಹೆಂಗದ' ಎಂದು ಕೇಳುವವಳು. ಆಕೆ ರಸ್ತೆಯ ಪಕ್ಕದ ಹೊಲದಲ್ಲೇ ಸಿಕ್ಕಳು. ಹೊಲದ ತುಂಬ ಕಿತ್ತ ಜೋಳ ಮಲಗಿತ್ತು. ಬದುವಿನ ಮೇಲೆ ಹೊಲದ ಸಾವ್ಕಾರರು ಕೊಡೆ ಹಿಡಿದು ನಿಂತಿದ್ದರು.

"ಈ ಜ್ವಾಳ ಯಾವಾಗ ಎತ್ತೋರ್ರಿ?" ಎಂದು ಸಾವ್ಕಾರರನ್ನು ಕೇಳಿದೆ.

"ಹಬ್ಬ ಆದ ಮ್ಯಾಲ್ರಿ. ಮಂಗಳವಾರ ಮಷೀನ್ ಹೇಳೇನಿ."

"ಅಷ್ಟರಾಗ ಮಳಿ ಬಂದ್ರ?"

"ಟೀವಿಯಾಗ ಒಣ ಹವಾ ಅಂದಾರಲ್ರಿ. ನಿಮ್ಮವ್ರ ಅಂದದ್ದದು."

ಹಿರಿಯಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಅವಳ ಚಿಂತೆ ಬೇರೆ ಇತ್ತು. ಅಲ್ಲಿ ಜೋಳ ಕಿತ್ತ ಕೂಲಿಯನ್ನು ದುಡ್ಡಿನಲ್ಲಿ ಕೊಡುವುದಿಲ್ಲ, ಸೂಡಿನಲ್ಲಿ ಕೊಡುತ್ತಾರೆ. ತೆನೆ ಸಮೇತ ಕಟ್ಟಿದ ಜೋಳದ ಕಟ್ಟೇ ಸೂಡು. ಅದು ಆ ಹೆಂಗಸರ ಮನೆಯ ವರ್ಷದ ರೊಟ್ಟಿ. ಆದರೆ ಪದ್ಧತಿಯ ಪ್ರಕಾರ ಸೂಡು ಕೈಗೆ ಬರುವುದು ಕೊನೆಗೆ, ಸಾವ್ಕಾರನ ಜೋಳವೆಲ್ಲ ಎತ್ತಿದ ಮೇಲೆ. ಅಲ್ಲಿಯವರೆಗೆ ಆಳಿನ ಪಾಲೂ ಸಾವ್ಕಾರನ ಪಾಲೂ ಒಂದೇ ಹೊಲದಲ್ಲಿ ಒಂದೇ ಆಕಾಶದ ಕೆಳಗೆ ಬಿದ್ದಿರುತ್ತವೆ. ಜೋಳ ಕಪ್ಪಾದರೆ ಸಾವ್ಕಾರರಿಗೆ ಧಾರಣೆ ಬೀಳುತ್ತದೆ, ಅಷ್ಟೇ. ಇವರು ಮುಂದಿನ ಸುಗ್ಗಿಯವರೆಗೆ ಕಪ್ಪು ರೊಟ್ಟಿ ತಿನ್ನಬೇಕು.

"ನಾವು ಅಮಾಸಿ ದಿನಾನೂ ಬರ್ತೇವ್ರಿ" ಎಂದಳು. "ನಾವು ಬೌದ್ಧರು, ನಮಗ ಅಮಾಸಿ ಇಲ್ಲ. ಸಾವ್ಕಾರ್ರಿಗೆ ಅದ."

"ನನ್ನ ಹೊಲಕ್ಕ ಅದಬೇ" ಎಂದರು ಸಾವ್ಕಾರರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವ ಹಾಗೆ. "ನನ್ನ ಅಪ್ಪನ ಕಾಲದಿಂದ ಅಮಾಸಿಗೆ ಈ ಹೊಲದಾಗ ಒಂದು ಕಡ್ಡಿ ಎತ್ತಿಲ್ಲ."

ಹಾಗಾದರೆ ಶನಿವಾರವೇ ಆಗಬೇಕು ಎಂದೆ ನಾನು. ಮಷೀನಿಗೆ ಹಾಕುವುದು ಬೇಡ, ಬಿಸಿಲೇರಿ ಇಬ್ಬನಿ ಆರಿದ ಮೇಲೆ ಕಟ್ಟುಗಳನ್ನು ತೆನೆ ಒಳಗೆ ಬರುವ ಹಾಗೆ ಒಟ್ಟಿ ಗೂಡು ಹಾಕಿ ತಾಡಪಾಲು ಹೊದಿಸಲಿ. ಸಾವ್ಕಾರರು ತಲೆ ಅಲ್ಲಾಡಿಸಿದರು. ಗೂಡು ಹಾಕಲು ಒಂದು ದಿನದ ಆಳು, ಮಂಗಳವಾರ ಮತ್ತೆ ಬಿಚ್ಚಿ ಹರವಲು ಇನ್ನೊಂದು ದಿನದ ಆಳು. ಮಳೆ ಬರದಿದ್ದರೆ ಎರಡೂ ಖರ್ಚು ಯಾರ ತಲೆಗೆ?

ಹಿರಿಯಕ್ಕ ಆಗ ಆಡಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಸಾವ್ಕಾರ್ರ, ನಮ್ಮ ಸೂಡು ಶನಿವಾರನ ಕೊಡ್ರಿ. ನಿಮ್ ಜ್ವಾಳ ಗೂಡು ಹಾಕಿ ಮುಚ್ತೇವಿ. ಮಳಿ ಬಂದ್ರ ಅದರ ಕೂಲಿ ಕೊಡ್ರಿ. ಬರ್ಲಿಲ್ಲಂದ್ರ ಹಾಕಿದ್ದೂ ಫುಕಟ್, ಬಿಚ್ಚಿದ್ದೂ ಫುಕಟ್."

ಉಳಿದ ಹೆಂಗಸರು ಅವಳ ಮುಖ ನೋಡಿದರು. ಅವಳು ನನ್ನ ಮುಖ ನೋಡಿದಳು.

"ಮ್ಯಾಡಂ, ಖರೇ ಬರ್ತದೇನ್ರಿ?"

ನಮ್ಮ ವೃತ್ತಿಯಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. 'ಅಲ್ಲಲ್ಲಿ ಮಳೆಯಾಗುವ ಸಾಧ್ಯತೆ ಇದೆ.' ಬಂದರೂ ನಾವು ಹೇಳಿದ್ದೆವು, ಬರದಿದ್ದರೂ ಹೇಳಿದ್ದೆವು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆದರೆ ಅವಳು ಸಾಧ್ಯತೆಯ ಮೇಲೆ ಬಿಟ್ಟಿ ದುಡಿಮೆ ಒಪ್ಪಿಕೊಳ್ಳುವವಳಲ್ಲ. ನಾನು ಬೆಳಗಿನ ಗಾಳಿ, ಕೈಯಲ್ಲಿ ತಿರುಗಿಸಿ ಓದಿದ ಅಂಕಿ, ಎರಡನೆಯ ಮಾಡೆಲ್, ಎಲ್ಲವನ್ನೂ ಒಮ್ಮೆ ಮನಸ್ಸಿನಲ್ಲಿ ಜೋಡಿಸಿ ನೋಡಿದೆ. ಹೆದರಿಕೆ ಆಯಿತು, ಸುಳ್ಳೇಕೆ ಹೇಳಲಿ.

"ಬರ್ತದಕ್ಕ" ಎಂದೆ. "ಯುಗಾದಿ ದಿನ ಬರ್ತದ." ಸಾವ್ಕಾರರು ಆಗ್ಲಿ ಎಂದು ಒಪ್ಪಿದರು.

ಶುಕ್ರವಾರ ಪುಟ ಬರೆಯಲು ಕುಳಿತೆ. ನಮ್ಮ ಪುಟದ ಒಂದು ಹಳೆಯ ರೋಗವೆಂದರೆ ಅದು ತಾರೀಖು ನೋಡುತ್ತದೆ, ದಿನ ನೋಡುವುದಿಲ್ಲ. 'ಮುಂದಿನ ಮೂರು ದಿನಗಳಲ್ಲಿ ಕಟಾವು ಮಾಡಿದ ಬೆಳೆಯನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿ' ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಆ ಮೂರರಲ್ಲಿ ಎರಡು ದಿನ ಯಾರೂ ಹೊಲಕ್ಕೆ ಕಾಲಿಡುವುದಿಲ್ಲ ಎಂಬುದು ನಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ. ನಾನು ಮೂರು ತಾಲ್ಲೂಕಿಗೆ ಮೂರು ಬೇರೆ ಸಲಹೆ ಬರೆದೆ. ಆಳಂದಕ್ಕೆ: ಸೋಮವಾರ ಮಧ್ಯಾಹ್ನದ ಮೇಲೆ ಗುಡುಗು, ಗಾಳಿ, ಆಣೆಕಲ್ಲು ಮಳೆ, ಕಿತ್ತ ಜೋಳವನ್ನು ಅಮಾಸಿಯ ಹಿಂದಿನ ಶನಿವಾರ ಸಂಜೆಯೊಳಗೆ ಗೂಡು ಹಾಕಿ ಮುಚ್ಚಿ. ಅಫಜಲಪುರಕ್ಕೆ: ಹನಿ ಬಿದ್ದರೂ ನೆಲ ನೆನೆಯುವಷ್ಟಿಲ್ಲ; ಕಬ್ಬಿಗೆ ನೀರು ಬಿಡುವುದಿದ್ದರೆ ಬಿಡಿ, ಮಳೆಯ ಹಾದಿ ಕಾಯಬೇಡಿ. ಜೇವರ್ಗಿಗೆ: ಒಣ ಹವೆ, ಒಳ್ಳೆಯ ಗಾಳಿ; ಒಕ್ಕಿ ತೂರುವ ರಾಶಿ ಕೆಲಸ ನಡೆಸಿ.

ಅಧಿಕಾರಿ ಓದಿ ಕನ್ನಡಕ ತೆಗೆದಿಟ್ಟರು.

"ಅಮಾಸಿ ಹಿಂದಿನ ಶನಿವಾರ! ನಾವೇನು ಪಂಚಾಂಗ ಬರಿಯಾಕತ್ತೇವೇನ್ರಿ?"

"ರೈತ ಪಂಚಾಂಗ ನೋಡ್ತಾನ್ರಿ ಸರ್. ನಾವು ನೋಡ್ಲಿಲ್ಲಂದ್ರ ನಮ್ಮ ಸಲಹಾ ಅಮಾಸಿ ದಿನ ಹೋಗಿ ಮುಟ್ತದ."

"ಮತ್ತ ಒಂದ ಜಿಲ್ಲಾದಾಗ ಮೂರು ಹವಾ?"

"ಜೇವರ್ಗಿ ಕಡಿ ನೆಲೋಗಿಯಾಗ ಬಿಸಲಿದ್ದಾಗ ಆಳಂದದಾಗ ಮಳಿ ಬಂದಿದ್ದು ನೀವು ನೋಡೇ ಇಲ್ಲೇನ್ರಿ?"

ಅವರು ಸ್ಟೇಷನ್ ಏನಾಯಿತು ಎಂದು ಕೇಳಿದರು. ಸೀರೆಯ ಕಥೆ ಹೇಳಿದೆ, ಮುಚ್ಚಿಡಲಿಲ್ಲ. ಕೈಯಳತೆಯ ಅಂಕಿಯನ್ನೂ ಬರೆದು ಮುಂದಿಟ್ಟೆ. ಆ ಅಂಕಿಯನ್ನು ಗುರುವಾರದ ರೀಡಿಂಗಿನ ಪಕ್ಕ ಇಟ್ಟು ನೋಡಿ ಸಹಿ ಮಾಡಿದರು. "ಜಿಮ್ಮೇದಾರಿ ನಿಮ್ದು ನೋಡ್ರಿ" ಎಂದರು. ನನ್ನದೇ ಎಂದೆ.

ಶನಿವಾರ ನಿಂಬರ್ಗಾದ ಹೆಂಗಸರು ಬಿಸಿಲೇರುವವರೆಗೆ ಕಾದು, ಕಟ್ಟು ಕಟ್ಟಾಗಿ ಎತ್ತಿ ಗೂಡು ಹಾಕಿದರು. ಹಸಿ ಇದ್ದಾಗ ಮುಚ್ಚಿದರೆ ಒಳಗೆ ಬೆವೆತು ಬೂಸು ಹಿಡಿಯುತ್ತದೆ, ಅದಕ್ಕೆ ಗಾಳಿಯಾಡಲು ಬುಡದಲ್ಲಿ ಸಂದು ಬಿಡಿ ಎಂದು ಫೋನಿನಲ್ಲಿ ಹೇಳಿದೆ. "ಅದು ನಮಗ ಗೊತ್ತದ, ನೀವು ಮಳಿ ನೋಡ್ಕೋರಿ" ಎಂದಳು ಹಿರಿಯಕ್ಕ. ಸಂಜೆಗೆ ಅವರ ಸೂಡುಗಳು ತಲೆಯ ಮೇಲೆ ಮನೆ ಸೇರಿದವು. ಸಾವ್ಕಾರರು ಸೂಡನ್ನು ಮುಂಚಿತವಾಗಿ ಕೊಟ್ಟದ್ದು ಊರಲ್ಲಿ ಅದೇ ಮೊದಲಂತೆ.

ಭಾನುವಾರ ಆಕಾಶ ತೊಳೆದಿಟ್ಟ ಪರಾತದ ಹಾಗಿತ್ತು. ಸೋಮವಾರ ಬೇವು ಬೆಲ್ಲ ತಿಂದು ಮಾಳಿಗೆ ಹತ್ತಿದೆ. ಮಧ್ಯಾಹ್ನ ವಾಯವ್ಯದಲ್ಲಿ ಮೋಡ ಎದ್ದವು, ಹೂಕೋಸಿನ ಹಾಗೆ ಅರಳಿದವು, ಸಂಜೆಗೆ ಕುಸಿದು ಹೋದವು. ಒಂದು ಹನಿ ಬೀಳಲಿಲ್ಲ. ಅಫಜಲಪುರ ತಾಲ್ಲೂಕಿನ ಕರಜಗಿಯಿಂದ ಕಬ್ಬಿನ ರೈತರೊಬ್ಬರು ಫೋನ್ ಮಾಡಿದರು. ಪುಟವನ್ನು ತಪ್ಪದೆ ಓದುವ, ತಪ್ಪದೆ ಕಾಡುವ ಮನುಷ್ಯ.

"ಮ್ಯಾಡಂರಿ, ಆಳಂದದ ನಮ್ಮ ಬೀಗರು ಕೇಳಾಕತ್ತಾರ. ಮಳಿ ಬಸ್ಸು ತಪ್ಪಿಸಿಕೊಂಡದೇನು?"

ಹಬ್ಬದ ಹೋಳಿಗೆಯನ್ನು ಮುಚ್ಚಿಟ್ಟೆ. ನನ್ನ ಮಾನ ಹೋದರೆ ಹೋಗಲಿ, ಆ ಹೆಂಗಸರು ಬಿಟ್ಟಿ ಗೂಡು ಬಿಚ್ಚಬೇಕಲ್ಲ.

ಮಂಗಳವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ವೀಕ್ಷಣಾಲಯಕ್ಕೆ ಹೋದೆ. ಒದ್ದೆ ಬಲ್ಬು ಒಣ ಬಲ್ಬಿಗೆ ಇನ್ನೂ ಹತ್ತಿರ ಬಂದಿತ್ತು. ತೇವ ಎಲ್ಲಿಗೂ ಹೋಗಿರಲಿಲ್ಲ, ಏರಿತ್ತು. ಮೇಲಿನ ಗಾಳಿಯ ನಕ್ಷೆ ತೆರೆದಾಗ ನಿನ್ನೆ ಆದದ್ದೇನು ಎಂದು ತಿಳಿಯಿತು. ಮೇಲೆ ಬಿಸಿಗಾಳಿಯ ಒಂದು ಪದರ ಅನ್ನದ ಗಡಿಗೆಯ ಮುಚ್ಚಳದ ಹಾಗೆ ಕುಳಿತಿತ್ತು. ಕೆಳಗಿನ ತೇವ ಕುದಿದು ಮೇಲೆದ್ದರೂ ಆ ಮುಚ್ಚಳ ದಾಟಲಾಗಿರಲಿಲ್ಲ. ಇವತ್ತು ಉತ್ತರದಿಂದ ತಣ್ಣನೆಯ ಗಾಳಿ ಆ ಪದರದೊಳಗೆ ನುಗ್ಗುತ್ತಿತ್ತು. ಮುಚ್ಚಳ ಹಾರುವುದು ಇವತ್ತು. ನನ್ನ ಮಳೆ ಸರಿಯಿತ್ತು, ದಿನ ತಪ್ಪಿತ್ತು.

ಹಿರಿಯಕ್ಕನಿಗೆ ಫೋನ್ ಹಚ್ಚಿದೆ. ಆಗಲೇ ಹೊಲದಲ್ಲಿದ್ದಳು. ಮಷೀನ್ ಬಂದು ನಿಂತಿತ್ತು, ಸಾವ್ಕಾರರು ಗೂಡು ಬಿಚ್ಚಿ ಹರವಲು ಹೇಳುತ್ತಿದ್ದರು. ಫೋನನ್ನು ಅವರಿಗೇ ಕೊಡು ಎಂದೆ.

"ಏನ್ರಿ ಮ್ಯಾಡಂ, ನಿಮ್ ಮಳಿ ಹಬ್ಬಕ್ಕ ತವರಮನಿಗೆ ಹೋಗ್ಯಾದೇನು?"

"ಇವತ್ತು ಬರ್ತದ್ರಿ. ಇವತ್ತೊಂದಿನ ಗೂಡು ಬಿಚ್ಚಬ್ಯಾಡ್ರಿ."

"ನಿನ್ನಿ ಬರ್ತದ ಅಂತನೂ ಹಿಂಗ ಅಂದಿದ್ರಿ. ಮಷೀನಿನಾವ ನಿಂತಾನ, ನಾಳಿಗೆ ಬ್ಯಾರೆ ಕಡೆ ಹೋಗ್ತಾನ."

"ಬಿಚ್ಚೋದಿದ್ರ ಬಿಚ್ರಿ ಸಾವ್ಕಾರ್ರ" ಎಂದೆ. ನನಗೂ ರೇಗಿತ್ತು. "ತಾಡಪಾಲು ಮಾತ್ರ ಮಡಚಿ ಇಡಬ್ಯಾಡ್ರಿ, ಕೈಯಾಗ ಹಿಡಕೊಂಡು ನಿಂದರ್ರಿ."

ಅವರು ಫೋನನ್ನು ಹಿರಿಯಕ್ಕನ ಕೈಗೆ ಕೊಟ್ಟು ಬಿಚ್ಚಿ ಎಂದರು. ಫೋನ್ ಇನ್ನೂ ಚಾಲೂ ಇತ್ತು. ಅವಳು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಬಿಚ್ತೇವ್ರಿ ಸಾವ್ಕಾರ್ರ, ಮಾತಂದ್ರ ಮಾತು. ಆದ್ರ ಕೂಲಿ ಇಲ್ದ ಕೆಲಸ ಅದ. ಕೂಲಿ ಕೊಟ್ರ ದಿನ ನಿಮ್ದು. ಫುಕಟ್ ಮಾಡೋದಿದ್ರ ದಿನ ನಮ್ದು. ನಾಳೆ ಬರ್ತೇವಿ."

ಫೋನು ಕಿವಿಗೆ ಹಿಡಿದುಕೊಂಡೇ ನಾನು ಕುರ್ಚಿಯಲ್ಲಿ ಕುಳಿತೆ. ನನ್ನ ಮುಚ್ಚಳ, ಪದರ, ನಕ್ಷೆ ಯಾವುದೂ ಸಾವ್ಕಾರರನ್ನು ನಿಲ್ಲಿಸಿರಲಿಲ್ಲ. ಇವಳ ಒಂದು ಮಾತು ನಿಲ್ಲಿಸಿತು. ಹಬ್ಬದ ಮರುದಿನ ಬೇರೆ ಆಳು ಎಲ್ಲಿ ಸಿಗಬೇಕು? ಗೂಡುಗಳು ಮುಚ್ಚಿಕೊಂಡೇ ಉಳಿದವು. ಮಂಗಳವಾರದ ಪುಟದಲ್ಲಿ 'ಆಳಂದ: ಇಂದು ಮಧ್ಯಾಹ್ನ, ಮುಚ್ಚಿದ್ದನ್ನು ತೆರೆಯಬೇಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದು ಬೆಳಗ್ಗೆಯೇ ಕಳಿಸಿದೆ. ಅಧಿಕಾರಿ ಈ ಸಲ ಏನೂ ಕೇಳದೆ ಸಹಿ ಮಾಡಿದರು.

ಊಟದ ಹೊತ್ತಿಗೆ ಉಪಗ್ರಹ ಚಿತ್ರದಲ್ಲಿ ಗಡಿಯಾಚೆಯ ಅಕ್ಕಲಕೋಟೆಯ ಕಡೆ ಒಂದು ಬಿಳಿ ಚುಕ್ಕೆ ಹುಟ್ಟಿತು. ಪ್ರತಿ ಹೊಸ ಚಿತ್ರಕ್ಕೂ ಅದು ಉಬ್ಬಿ ಆಳಂದದ ಕಡೆ ಜರುಗಿತು. ಅಧಿಕಾರಿ ಚಹದ ಕಪ್ಪು ಹಿಡಿದು ಬಂದು ನನ್ನ ಹಿಂದೆ ನಿಂತವರು ಚಹ ಆರುವವರೆಗೆ ಅಲ್ಲೇ ನಿಂತರು. ಇನ್ನೂ ಬಿಸಿಲಿರುವಾಗಲೇ ಫೋನ್ ಬಂತು. ಹಲೋ ಎಂದರೆ ಆಚೆ ಮಾತಿಲ್ಲ, ತಗಡಿನ ಮೇಲೆ ಹುಣಸೆಬೀಜ ಸುರಿದಂಥ ಸದ್ದು. ಆಮೇಲೆ ಹಿರಿಯಕ್ಕನ ದನಿ.

"ಕೇಳಾಕತ್ತದೇನ್ರಿ ಮ್ಯಾಡಂ? ಆಣೆಕಲ್ಲ!"

ನನ್ನ ಕಣ್ಣಲ್ಲಿ ನೀರು ಬಂತು. ಆಣೆಕಲ್ಲು ಬಿತ್ತೆಂದು ಖುಷಿಪಟ್ಟವಳು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆ ಮಳೆ ಆಳಂದದ ಮೇಲೆ ಒಂದು ಪಟ್ಟಿಯ ಹಾಗೆ ಎಳೆದುಕೊಂಡು ಹೋಯಿತು. ಮುಚ್ಚದೆ ಬಿಟ್ಟ ಕೆಲವರ ಜೋಳ ಕಪ್ಪಾಯಿತು, ಅದನ್ನು ಮರೆಯುವುದಿಲ್ಲ. ಕರಜಗಿಯಲ್ಲಿ ನಾಲ್ಕು ಹನಿ ಬಿದ್ದು ಧೂಳಿನ ವಾಸನೆ ಎದ್ದಿತು. ನೆಲೋಗಿಯಲ್ಲಿ ಬಿಸಿಲು, ರಾಶಿ ತೂರುವವರಿಗೆ ಬೇಕಾದಷ್ಟು ಗಾಳಿ. ಒಂದೇ ಜಿಲ್ಲೆಯಲ್ಲಿ ಮೂರು ಹವೆ.

"ಒಂದಿನ ತಪ್ಪಿದ್ರಿ" ಎಂದರು ಅಧಿಕಾರಿ, ಅಷ್ಟೇ. ಆದರೆ ಮುಂದಿನ ಪುಟದಿಂದ ತಾಲ್ಲೂಕಿಗೊಂದು ಕಾಲಂ ಹಾಕಲು ತಾವೇ ಹೇಳಿದರು, ಅಮಾಸಿ ಹುಣ್ಣಿಮೆಗೂ ಒಂದು ಸಾಲು ಬಿಡಿಸಿದರು.

ನೆಲ ಆರಿದ ಮೇಲೆ ನಾನು ರಜೆ ಹಾಕಿ ನಿಂಬರ್ಗಾಕ್ಕೆ ಹೋದೆ. ಗೂಡು ಬಿಚ್ಚಿ ತೆನೆ ಮುರಿಯುವ ಕೆಲಸ ನಡೆದಿತ್ತು. ಶನಿವಾರದ ಕೂಲಿ ಬಂದಿತ್ತು, ಈ ದಿನದ್ದೂ ಬರುವುದಿತ್ತು. ಸಾವ್ಕಾರರು ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿ ನನ್ನ ಮುಂದೆ ಹಿಡಿದರು. ಕಾಳು ಬಿಳಿಯಾಗಿತ್ತು.

ಹಿರಿಯಕ್ಕ ಬಿಡುವವಳಲ್ಲ. "ಸೋಮವಾರ ಅಂದಿದ್ದಿ, ಮಂಗಳವಾರ ತಂದಿ. ಒಂದಿನ ಬಾಕಿ ಅದ ನಿಂದು. ಬಾ ಬೇ, ಕೆಲಸಕ್ಕ ಹತ್ತು."

ಮ್ಯಾಡಂ ಹೋಗಿ, ಸಲಿಗೆಯ ಹೆಂಗಸರನ್ನು ಕರೆಯುವ 'ಬೇ' ಆಗಿದ್ದೆ. ಸೆರಗು ಕಟ್ಟಿ ಕುಳಿತೆ. ಸಂಜೆಯವರೆಗೆ ತೆನೆ ಮುರಿದೆ. ಅಂಗೈ ಸುಲಿಯಿತು, ಕುತ್ತಿಗೆಗೆ ತೆನೆಯ ಸುಂಕಿನ ಧೂಳು ಹತ್ತಿ ತುರಿಸಿತು, ನನ್ನ ಗುಡ್ಡೆ ಎಲ್ಲರಿಗಿಂತ ಸಣ್ಣದಿತ್ತು. ಹೊರಡುವಾಗ ಹಿರಿಯಕ್ಕ ತನ್ನ ಮನೆಯಿಂದ ಒಂದು ಸಣ್ಣ ಸೂಡು ತಂದು ನನ್ನ ಕೈಯಲ್ಲಿ ಇಟ್ಟಳು. ಬೇಡ ಎಂದೆ. ದುಡಿದವರು ಬೇಡ ಅನ್ನಬಾರದು ಎಂದಳು.

ಮರುದಿನ ಬೆಳಗಿನ ರೀಡಿಂಗ್ ಬರೆದು ಮುಗಿಸುವಾಗ ಅಧಿಕಾರಿ ಒಳಗೆ ಬಂದರು. ನನ್ನ ಮೇಜಿನ ಮೇಲೆ ಬ್ಯಾರೋಮೀಟರಿನ ಪಕ್ಕ ಬಿಳಿ ಜೋಳದ ಕಟ್ಟು ಒರಗಿತ್ತು.

"ಏನ್ರಿ ಇದು?"

"ಪಗಾರ್ರಿ ಸರ್" ಎಂದೆ.